ಕೇಳದ ಕಿವಿಗೆ ಕೇಳಿಸುವ ಕಾಯಕ

ನರೇಗಲ್ಲಿನ ಸುತ್ತಣ ಹಳ್ಳಿಗಳಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರನ್ನು ಕೇಳದವರಿಲ್ಲ. ಪಂಚಾಕ್ಷರ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತವನ್ನು ಕಲಿಸಿ, ಅದನ್ನೇ ಅವರ ಬಾಳಿನ ಊರುಗೋಲಾಗಿಸಿದ ಪುಣ್ಯಸ್ಥಳವದು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೂ ಆ ದಾಸೋಹವನ್ನು ಮುನ್ನಡೆಸಿದರು. ಕಣ್ಣಿಲ್ಲದವರಿಗೆ ಅಲ್ಲಿ ಕಿವಿಯೇ ಕಣ್ಣಾಯಿತು. ಆದರೆ ಕಿವಿಯೇ ಕೇಳದ ಮಗುವಿನ ಪಾಡೇನು?

ಕುರುಡನ ಕೈಹಿಡಿದು ದಾರಿ ದಾಟಿಸುವ ಜನ ಕಿವುಡನನ್ನು ಕಂಡು ನಗುತ್ತಾರೆ. ಕುರುಡು ಕಣ್ಣಿಗೆ ಕಾಣುತ್ತದೆ, ಕಿವುಡು ಕಾಣುವುದಿಲ್ಲ. ತರಗತಿಯ ಕೊನೆಯ ಸಾಲಿನಲ್ಲಿ ಕುಳಿತ ಬಾಲಕನು ಹೆಸರು ಕೂಗಿದರೆ ತಿರುಗಿ ನೋಡುವುದಿಲ್ಲ; ಉಕ್ತಲೇಖನದಲ್ಲಿ 'ಗಾಡಿ' ಎಂದರೆ 'ಕಾಡಿ' ಎಂದು ಬರೆಯುತ್ತಾನೆ. ಅವನಿಗೆ ದಡ್ಡನೆಂಬ ಬಿರುದು, ಬೆನ್ನಿಗೆ ಪೆಟ್ಟು. ಅವನ ಕಿವಿ ಎಷ್ಟೋ ದಿನಗಳಿಂದ ಸೋರುತ್ತಿರುವುದನ್ನು ಯಾರೂ ಗಮನಿಸಿರುವುದಿಲ್ಲ. ಮನೆಯಲ್ಲಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡುತ್ತಾರೆ. ತೂತಾದ ತಮಟೆಯ ಮೂಲಕ ಅದು ಒಳಗಿಳಿದು ಕೇಡನ್ನೇ ಹೆಚ್ಚಿಸುತ್ತದೆ.

ಶಬ್ದವು ಮೊದಲು ಕಿವಿತಮಟೆಯನ್ನು ಅಲುಗಿಸುತ್ತದೆ. ಅದರ ಹಿಂದೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಎಲುಬುಗಳು ಸರಪಳಿಯಂತೆ ಕೂಡಿಕೊಂಡಿವೆ. ಸುಮಾರು 3 ಮಿಲಿಮೀಟರ್ ಎತ್ತರದ ರಿಕಾಪು ಮಾನವದೇಹದ ಅತಿ ಚಿಕ್ಕ ಎಲುಬು. 1950ರ ದಶಕದಲ್ಲಿ ಜರ್ಮನಿಯ ವುಲ್‌ಸ್ಟೈನ್ ಮತ್ತು ಟ್ಸೋಲ್ನರ್ ಎಂಬ ವೈದ್ಯರು ಸೂಕ್ಷ್ಮದರ್ಶಕದ ನೆರವಿನಿಂದ ತಮಟೆಯನ್ನೂ ಈ ಸರಪಳಿಯನ್ನೂ ಸರಿಪಡಿಸುವ ಶಸ್ತ್ರಕ್ರಿಯೆಗೆ ಭದ್ರ ತಳಹದಿ ಹಾಕಿದರು. ಇಂದು ರೋಗಿಯ ಕಿವಿಯ ಮೇಲ್ಗಡೆಯ ಸ್ನಾಯುವಿನ ತೆಳುಪೊರೆಯನ್ನೇ ತೆಗೆದು ತಮಟೆಯ ತೂತನ್ನು ಮುಚ್ಚುತ್ತಾರೆ. ರಿಕಾಪು ಬಿಗಿದು ನಿಂತರೆ ಅದನ್ನು ತೆಗೆದು ಕೃತಕ ಭಾಗವನ್ನಿಡುವ ವಿಧಾನವನ್ನು 1956ರಲ್ಲಿ ಅಮೆರಿಕದ ಜಾನ್ ಶೇ ತೋರಿಸಿಕೊಟ್ಟರು.

ಇವೆಲ್ಲ ನಡುಗಿವಿಯ ದೋಷಕ್ಕೆ ಮದ್ದಾದವು. ಒಳಗಿವಿಯೇ ಕೆಟ್ಟರೆ ಈ ಶಸ್ತ್ರಗಳಿಂದ ಪ್ರಯೋಜನವಿಲ್ಲ. ಆ ಬಾಗಿಲನ್ನು ತಟ್ಟಿದವರಲ್ಲಿ ಆಸ್ಟ್ರೇಲಿಯದ ಗ್ರೇಮ್ ಕ್ಲಾರ್ಕ್ ಪ್ರಮುಖರು. ಅವರ ತಂದೆ ಔಷಧಿ ಅಂಗಡಿಯ ಯಜಮಾನ; ಕಿವಿ ಮಂದ. ಗಿರಾಕಿಗಳ ಮಾತು ಕೇಳಿಸದೆ ತಂದೆ ಪಡುತ್ತಿದ್ದ ಸಂಕಟ ಮಗನ ಎದೆಯಲ್ಲಿ ನಿಂತಿತು. ಒಳಗಿವಿಯ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿದೆ. ಅದರೊಳಗೆ ವಿದ್ಯುತ್ ತಂತಿಯನ್ನು ತೂರಿಸುವುದೆಂತು? 1977ರಲ್ಲಿ ಕಡಲತೀರದಲ್ಲಿ ಚಿಪ್ಪೊಂದರೊಳಗೆ ಹುಲ್ಲಿನ ಎಸಳನ್ನು ತೂರಿಸಿ ನೋಡುತ್ತಿದ್ದಾಗ ಅವರಿಗೆ ಉತ್ತರ ಹೊಳೆಯಿತು: ತುದಿ ಮೆತ್ತಗೆ, ಬುಡ ಗಟ್ಟಿ ಇರಬೇಕು. 1978ರ ಆಗಸ್ಟ್ 1ರಂದು ಮೆಲ್ಬರ್ನಿನಲ್ಲಿ ಅವರು ತಮ್ಮ ಮೊದಲ ರೋಗಿಗೆ ಆ ಸಾಧನವನ್ನು ಅಳವಡಿಸಿದರು. ತಂದೆಯ ನೋವು ಮಗನ ಕಾಯಕವಾಯಿತು.

ಕನ್ನಡನಾಡು ಈ ಕಾರ್ಯದಲ್ಲಿ ಹಿಂದೆ ಬಿದ್ದಿಲ್ಲ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಪರೀಕ್ಷೆ, ಚಿಕಿತ್ಸೆ, ಶಿಕ್ಷಣ, ಸಂಶೋಧನೆಗಳನ್ನು ಒಂದೇ ಸೂರಿನಡಿ ನಡೆಸುತ್ತಿದೆ. ನಾಟಕಕಾರರೆಂದೂ ಹೆಸರಾದ ನ. ರತ್ನ ಅವರು ಅದರ ನಿರ್ದೇಶಕರಾಗಿದ್ದರು. ರಂಗದ ಮೇಲೆ ಮಾತಿನ ಬೆಲೆಯನ್ನು ಬಲ್ಲವರು ಮಾತಿಲ್ಲದವರ ಸೇವೆಗೂ ನಿಂತದ್ದು ಸಹಜವೇ ಸರಿ.

ಆದರೆ ಶಸ್ತ್ರಕ್ರಿಯೆಯೊಂದೇ ಸಾಲದು. ಹುಟ್ಟುಕಿವುಡು ಮಗುವಿಗೆ ಯಂತ್ರವನ್ನು ಎಳವೆಯಲ್ಲೇ ಅಳವಡಿಸಬೇಕು. ಬಳಿಕ ವರ್ಷಗಟ್ಟಲೆ ಕೇಳುವುದನ್ನೂ ನುಡಿಯುವುದನ್ನೂ ಕಲಿಸಬೇಕು. ಅಲ್ಲಿ ವೈದ್ಯನಿಗಿಂತ ತಾಯಿಯ ತಾಳ್ಮೆ ದೊಡ್ಡದು. ಇನ್ನೊಂದು ಕಹಿಸತ್ಯವನ್ನೂ ಮುಚ್ಚಿಡಲಾಗದು. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ ಈ ಭಾಗದಲ್ಲಿ ಹಳೆಯದು. ರಕ್ತಸಂಬಂಧದ ಮದುವೆಗಳಿಂದ ಹುಟ್ಟುಕಿವುಡಿನ ಸಂಭವ ಹೆಚ್ಚುತ್ತದೆ. ಹೊಲ ಮನೆ ಕೈಬಿಡಬಾರದೆಂದು ಬೆಸೆದ ನಂಟಿಗೆ ಮಗುವೊಂದು ತನ್ನ ಮಾತನ್ನೇ ತೆರಬೇಕಾದೀತು.

ಆದುದರಿಂದ ಗುರುಗಳು ಕೋಲೆತ್ತುವ ಮುನ್ನ ಕೊನೆಯ ಸಾಲಿನ ಬಾಲಕನ ಹಿಂದೆ ನಿಂತು ಮೆಲ್ಲಗೆ ಅವನ ಹೆಸರನ್ನು ಕರೆಯಲಿ. ತಿರುಗದಿದ್ದರೆ ಮೊದಲ ಸಾಲಿನಲ್ಲಿ ಕೂರಿಸಲಿ. ತಂದೆತಾಯಿಗಳನ್ನು ಕರೆಸಿ ವೈದ್ಯರ ಬಳಿಗೆ ಕಳುಹಿಸಲಿ. ಗದುಗಿನ ಗವಾಯಿಗಳು ಕಣ್ಣಿಲ್ಲದವರಲ್ಲಿ ಗಾಯಕರನ್ನು ಕಂಡರು. ದಡ್ಡನೆಂದು ಮೂಲೆಗೆ ತಳ್ಳಲ್ಪಟ್ಟವನಲ್ಲಿ ಜಾಣನನ್ನು ಕಾಣುವುದೂ ಆ ದಾಸೋಹದ ಮುಂದುವರಿಕೆಯೇ.