‘ಬಿಟ್ಟು ಬಾ’ ಅಂದ್ರೆ, ಎಲ್ಲಿಗೆ?

ಗಂಡ ಹೊಡೀತಾನೆ ಅಂತ ಗೊತ್ತಾದ ಕೂಡಲೇ ನಮ್ಮ ಬಾಯಿಂದ ಬರುವ ಮೊದಲ ಮಾತು, ‘ಅವನನ್ನ ಬಿಟ್ಟು ಬರಬಾರದಾ?’ ಹೇಳೋದು ಸುಲಭ. ಆದರೆ ಇವತ್ತು ರಾತ್ರಿ ಎಲ್ಲಿ ಮಲಗೋದು? ಮಗುವಿನ ಗತಿ? ವಕೀಲರಿಗೆ ದುಡ್ಡು? ಆಧಾರ್ ಕಾರ್ಡ್ ಕೂಡ ಅವನ ಬೀರುವಿನಲ್ಲೇ ಇದ್ದರೆ?

ಈ ಪ್ರಶ್ನೆಗಳನ್ನೆಲ್ಲ ನನ್ನ ಮುಂದಿಟ್ಟವಳು ದೊಡ್ಡಮ್ಮನ ಮಗಳು. ನಾನು ಬೆಂಗಳೂರಲ್ಲಿ, ಅಕ್ಕ ಬೇರೊಂದು ಜಿಲ್ಲೆಯಲ್ಲಿ. ಮದುವೆಯಾಗಿ ಆರು ವರ್ಷ, ನಾಲ್ಕು ವರ್ಷದ ಮಗಳು. ಭಾವ ಪ್ರತಿ ರಾತ್ರಿ ಅವಳ ಫೋನ್ ತೆಗೆದು ನೋಡ್ತಿದ್ರು. ಹಾಗಾಗಿ ಪಕ್ಕದ ಮನೆಯವರ ಫೋನಿಂದ ನನಗೆ ಕರೆ ಮಾಡುತ್ತಿದ್ದಳು. ಒಮ್ಮೆ ಠಾಣೆಗೂ ಹೋಗಿದ್ದಳಂತೆ. ‘ಸಂಸಾರ ಅಂದ್ಮೇಲೆ ಇದ್ದದ್ದೇ, ಹೊಂದ್ಕೊಂಡು ಹೋಗಮ್ಮ’ ಅಂದು ಕಳಿಸಿದ್ದರು.

‘ಡಿವೋರ್ಸ್ ಗಿವೋರ್ಸ್ ಬೇಡ ಕಣೇ. ಏಟು ನಿಂತ್ರೆ ಸಾಕು’ ಅಂದಳು.

ಅವಳು ಕೇಳಿದ್ದಕ್ಕೆ ಅಂತಲೇ ಒಂದು ಕಾನೂನು ಇದೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯಡಿ, ಡಿವೋರ್ಸ್ ಕೇಳದೆಯೇ ರಕ್ಷಣೆ ಕೇಳಬಹುದು. ಏಟು ಮಾತ್ರ ಅಲ್ಲ, ಅವಮಾನಿಸುವ ಬೈಗುಳ, ಲೈಂಗಿಕ ದೌರ್ಜನ್ಯ, ಮನೆಖರ್ಚಿಗೆ ದುಡ್ಡು ಕೊಡದೆ ಸತಾಯಿಸುವುದು, ಎಲ್ಲವೂ ಅದರ ಪ್ರಕಾರ ಹಿಂಸೆಯೇ. ಮನೆ ಗಂಡನ ಹೆಸರಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ. ಬೇಕಾದರೆ ಅವನೇ ಹೊರಗಿರಬೇಕು ಅಂತ ಮ್ಯಾಜಿಸ್ಟ್ರೇಟ್ ಆದೇಶಿಸಬಹುದು. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ದಾರಿ ಸಿಕ್ಕಿದ್ದು ಅಂಗನವಾಡಿಯಲ್ಲಿ! ಈ ಕಾಯ್ದೆಯ ಸಂರಕ್ಷಣಾಧಿಕಾರಿ ಕೆಲಸವನ್ನು ನಮ್ಮ ರಾಜ್ಯದಲ್ಲಿ ಸಿಡಿಪಿಒಗಳಿಗೆ, ಅಂದ್ರೆ ಅಂಗನವಾಡಿಗಳ ಉಸ್ತುವಾರಿ ನೋಡುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ವಹಿಸಲಾಗಿದೆ. ಮಗಳನ್ನು ಬಿಡೋಕೆ ಅಕ್ಕ ದಿನಾ ಹೋಗುತ್ತಿದ್ದ ಜಾಗ ಅದು, ಭಾವನಿಗೆ ಅನುಮಾನವೇ ಬರಲಿಲ್ಲ. ಅಲ್ಲಿನ ಟೀಚರಮ್ಮ ಸಿಡಿಪಿಒ ಕಚೇರಿ ತೋರಿಸಿದರು. ನಡೆದದ್ದನ್ನೆಲ್ಲ ಬರೆದುಕೊಂಡು ವರದಿ ಮಾಡಿದ್ದು ಆ ಕಚೇರಿಯಲ್ಲೇ.

ಆದರೆ ಕೋರ್ಟ್ ನೋಟಿಸ್ ಮನೆಗೆ ಬರುವ ದಿನ ಆ ಮನೆಯಲ್ಲಿ ಇರೋದು ಹೇಗೆ? ಅಂಥ ಹೊತ್ತಿಗೇ ಇರುವುದು ಜಿಲ್ಲೆಯ ‘ಸಖಿ’ ಒನ್ ಸ್ಟಾಪ್ ಸೆಂಟರ್. ಚಿಕಿತ್ಸೆ, ಆಪ್ತಸಮಾಲೋಚನೆ, ಪೊಲೀಸ್ ಮತ್ತು ಕಾನೂನು ನೆರವು ಒಂದೇ ಕಡೆ. ಮಕ್ಕಳ ಜೊತೆ ಐದು ದಿನದವರೆಗೆ ತಂಗಬಹುದು. ಇನ್ನೂ ಹೆಚ್ಚು ದಿನ ಬೇಕಾದವರಿಗೆ ‘ಶಕ್ತಿ ಸದನ’ಗಳಿವೆ, ಮೊದಲು ಸ್ವಾಧಾರ ಗೃಹ ಅಂತಿದ್ದವು. ಅಕ್ಕ ನಾಲ್ಕು ರಾತ್ರಿ ಸಖಿಯಲ್ಲಿದ್ದಳು. ‘ಇದು ಯಾರ ಮನೆ ಅಮ್ಮ?’ ಅಂತ ಪುಟ್ಟಿ ಕೇಳುತ್ತಲೇ ಇದ್ದಳಂತೆ.

ವಕೀಲರಿಗೆ ಖರ್ಚಾಗಲಿಲ್ಲ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯದ ಮಿತಿಯೇ ಇಲ್ಲ, ಸಂಬಳ ಎಷ್ಟೇ ಇರಲಿ ಉಚಿತ. ಅದರ ಸಹಾಯವಾಣಿ 15100. ಕಾಯ್ದೆ 60 ದಿನದಲ್ಲಿ ಅರ್ಜಿ ಮುಗಿಸಲು ಪ್ರಯತ್ನಿಸಬೇಕು ಅನ್ನುತ್ತೆ. ಅಕ್ಕನದ್ದು ಏಳು ತಿಂಗಳು ಎಳೆಯಿತು. ಅದಕ್ಕೂ ಮನಸ್ಸು ಗಟ್ಟಿ ಮಾಡ್ಕೊಂಡಿರಬೇಕು.

ನಾನು ಮಾಡಿದ್ದು ಸಣ್ಣ ಕೆಲಸ. ಗೌರಿ ಹಬ್ಬಕ್ಕೆ ತವರಿಗೆ ಬಂದವಳು ಆಧಾರ್, ಮಾರ್ಕ್ಸ್ ಕಾರ್ಡ್, ಮಗಳ ಜನನ ಪ್ರಮಾಣಪತ್ರ ಎಲ್ಲವನ್ನೂ ಬಾಗಿನದ ಮೊರದ ಕೆಳಗಿಟ್ಟು ತಂದಿದ್ದಳು. ತವರಲ್ಲಿಟ್ಟರೆ ಭಾವ ಮೊದಲು ಹುಡುಕೋದೇ ಅಲ್ಲಿ. ಅದಕ್ಕೇ ನನ್ನ ಬ್ಯಾಗಿಗೆ ಹಾಕಿಕೊಂಡು ಬೆಂಗಳೂರಿಗೆ ತಂದೆ. 181ಕ್ಕೆ ಕರೆ ಮಾಡಿ ವಿಚಾರಿಸಿದ್ದೂ ನನ್ನ ಫೋನಿಂದಲೇ, ಅವಳ ಫೋನಲ್ಲಿ ಗುರುತು ಉಳೀಬಾರದು ಅಂತ.

ನಿಮ್ಮ ಆಫೀಸಲ್ಲಿ, ಪಿಜಿಯಲ್ಲಿ, ಬಂಧುಗಳಲ್ಲಿ ಇಂಥವರೊಬ್ಬರು ಇರಬಹುದು. ‘ಯಾಕೆ ಸಹಿಸ್ಕೊಂಡೆ?’ ಅನ್ನಬೇಡಿ. ‘ಈಗ ಏನು ಬೇಕು?’ ಅಂತ ಕೇಳಿ. ಏಟಿನ ಫೋಟೊ, ಆಸ್ಪತ್ರೆ ಚೀಟಿ, ಒಂದು ಜೊತೆ ಬಟ್ಟೆ ನಿಮ್ಮಲ್ಲಿರಲಿ. ಅವಳು ಎಲ್ಲಿದ್ದಾಳೆ ಅಂತ ಯಾರೇ ಕೇಳಿದರೂ ಬಾಯಿ ಬಿಡಬೇಡಿ. ಆ ಕ್ಷಣದಲ್ಲೇ ಅಪಾಯ ಇದ್ದರೆ 112ಕ್ಕೆ ಕರೆ ಮಾಡಿ.

ಅಕ್ಕ ಈಗ ಅದೇ ಮನೆಯಲ್ಲಿದ್ದಾಳೆ, ಕೋರ್ಟಿನ ಆದೇಶದಂತೆ ಭಾವ ಹೊರಗಿದ್ದಾರೆ. ಮುಂದೇನು ಅಂತ ಅವಳು ಇನ್ನೂ ತೀರ್ಮಾನಿಸಿಲ್ಲ. ನಾವ್ಯಾರೂ ಅವಸರ ಮಾಡ್ತಿಲ್ಲ. ಪುಟ್ಟಿ ಮಾತ್ರ ಈಗ ರಾತ್ರಿ ಎಚ್ಚರವಾಗದೆ ನಿದ್ದೆ ಮಾಡ್ತಾಳಂತೆ.