ಮೊಮ್ಮಗಳು ಕೇಳಿದ ಪ್ರಶ್ನೆ

ನನ್ನ ಬಾಲ್ಯ ಕಳೆದದ್ದು ದಾಂಡೇಲಿಯಲ್ಲಿ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯ ಕೆಲಸಕ್ಕೆಂದು ನಾನಾ ಕಡೆಗಳಿಂದ ಬಂದು ನೆಲೆಸಿದ ಕುಟುಂಬಗಳಲ್ಲಿ ನಮ್ಮದೂ ಒಂದು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಚರ್ಚಿನಲ್ಲಿ ಲ್ಯಾಟಿನ್. ಎರಡನೆಯ ವ್ಯಾಟಿಕನ್ ಮಹಾಸಭೆಯು (1962–65) ಜನರ ಭಾಷೆಗಳಲ್ಲಿ ಪೂಜಾವಿಧಿ ನಡೆಸಲು ಅವಕಾಶ ಕೊಟ್ಟ ಮೇಲೆ, ಬಲಿಪೂಜೆ ನಮಗೆ ಅರ್ಥವಾಗುವ ನುಡಿಗೆ ಬಂದಿತು. ಆದರೆ ನನ್ನ ಅಜ್ಜಿ ಮಾತ್ರ ಕೊನೆಯವರೆಗೂ ತಾನು ಬಾಯಿಪಾಠ ಮಾಡಿದ್ದ ಲ್ಯಾಟಿನ್ ಪ್ರಾರ್ಥನೆಗಳನ್ನು ಬಿಡಲಿಲ್ಲ. ಬಿ.ಎಡ್. ಮುಗಿಸಿ ಬಂದ ಹುರುಪಿನಲ್ಲಿ ನಾನೊಮ್ಮೆ, "ಅರ್ಥ ತಿಳಿಯದೆ ಹೇಳಿದರೆ ಏನು ಪ್ರಯೋಜನ ಅಜ್ಜೀ?" ಎಂದು ಕೇಳಿದ್ದೆ. "ಯಾರಿಗೆ ಹೇಳುತ್ತಿದ್ದೇನೆ ಎಂಬುದು ನನಗೆ ಗೊತ್ತಿದೆಯಲ್ಲ ಮಗಾ" ಎಂದಳು. ನಾನು ನಕ್ಕು ಸುಮ್ಮನಾದೆ.

ಮುಂದೆ ಹಳಿಯಾಳದಲ್ಲಿ ಶಿಕ್ಷಕನಾದಾಗ ನನ್ನ ತರಗತಿಯಲ್ಲಿ ಸಿದ್ದಿ ಸಮುದಾಯದ ಕ್ರೈಸ್ತ ಮಕ್ಕಳೂ ಇದ್ದರು. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರ ವಂಶದವರು ಅವರು. ಓದು ಬರಹ ಕಾಣದ ಅವರ ಅಜ್ಜಿಯರೂ ಪ್ರಾರ್ಥನೆಗಳನ್ನು ಬಾಯಿಂದ ಬಾಯಿಗೇ ದಾಟಿಸಿದ್ದರು. ಹಿರಿಯರು ಕೊಡುವುದು, ಕಿರಿಯರು ಪಡೆಯುವುದು, ಇದೇ ಕ್ರಮವೆಂದು ನಾನು ಬಹುಕಾಲ ನಂಬಿದ್ದೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಚರ್ಚುಗಳು ಮುಚ್ಚಿದವು. ಹುಬ್ಬಳ್ಳಿಯಲ್ಲಿದ್ದ ಮಗಳ ಮನೆಯವರು ಮೊಬೈಲಿನಲ್ಲಿ ವಿಡಿಯೋ ಕರೆ ಮಾಡುತ್ತಿದ್ದರು. ಪ್ರತಿ ಸಂಜೆ ಎರಡೂ ಮನೆಯವರು ಕೂಡಿ ಜಪಮಾಲೆ ಹೇಳುತ್ತಿದ್ದೆವು. ಕೊನೆಯಲ್ಲಿ ನಾನು ಬಂಧುಗಳ ಹೆಸರುಗಳನ್ನು ಒಂದೊಂದಾಗಿ ಹೇಳಿ ಅವರಿಗಾಗಿ ಬೇಡಿಕೊಳ್ಳುತ್ತಿದ್ದೆ. ಒಂದು ಸಂಜೆ ಹನ್ನೊಂದು ವರ್ಷದ ಮೊಮ್ಮಗಳು, "ಅಜ್ಜಾ, ಚಿಕ್ಕಜ್ಜನ ಹೆಸರು ಮಾತ್ರ ನೀವು ಯಾವತ್ತೂ ಹೇಳುವುದಿಲ್ಲವಲ್ಲ, ಯಾಕೆ?" ಎಂದಳು.

ಚಿಕ್ಕಜ್ಜನೆಂದರೆ ನನ್ನ ತಮ್ಮ. ತಂದೆಯ ಮನೆಯ ಪಾಲಿನ ವಿಷಯದಲ್ಲಿ ಮಾತು ಮುರಿದು ಒಂಬತ್ತು ವರ್ಷಗಳಾಗಿದ್ದವು. ಆಗ ಆಡಬಾರದ ಮಾತುಗಳನ್ನು ಮೊದಲು ಆಡಿದವನು ನಾನೇ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿರುವ ಕ್ಷಮೆಯ ಮಾತನ್ನು ದಿನವೂ ಉಚ್ಚರಿಸುತ್ತಿದ್ದೆ. ಅದು ನನಗೇ ಕೇಳಿಸಿರಲಿಲ್ಲ, ಮಗುವಿಗೆ ಕೇಳಿಸಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ತಮ್ಮನಿಗೆ ಫೋನ್ ಮಾಡಿದೆ. ಇಬ್ಬರಿಗೂ ಹೆಚ್ಚು ಮಾತು ಹೊರಡಲಿಲ್ಲ. "ಆರೋಗ್ಯ ನೋಡಿಕೋ ಅಣ್ಣಾ" ಎಂದನು. ಅಷ್ಟೇ ಸಾಕಾಗಿತ್ತು.

ಮರುವರ್ಷ ನನ್ನ ಪತ್ನಿ ತೀರಿಕೊಂಡಳು. ಸಮಾಧಿಯ ಬಳಿ ತಮ್ಮ ನನ್ನ ಪಕ್ಕದಲ್ಲಿ ನಿಂತಿದ್ದನು. ಕೆಲವು ವಾರಗಳ ನಂತರ ಮೊಮ್ಮಗಳು, "ಅಜ್ಜಾ, ಅಜ್ಜಿ ವಾಸಿಯಾಗಲಿ ಎಂದು ಅಷ್ಟು ಬೇಡಿಕೊಂಡೆ. ಇನ್ನು ನನಗೆ ಪ್ರಾರ್ಥನೆ ಬೇಡ" ಎಂದು ಅತ್ತಳು. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ನನ್ನಲ್ಲಿ ಆ ಅಳುವಿಗೆ ಉತ್ತರವಿರಲಿಲ್ಲ. ಆಗ ಬಾಯಿಗೆ ಬಂದದ್ದು ನನ್ನ ಅಜ್ಜಿಯ ಮಾತು. "ಮಾತು ಬಾರದಿದ್ದರೆ ಬೇಡ ಮಗಳೇ. ಯಾರ ಮುಂದೆ ಕುಳಿತಿದ್ದೇವೆ ಎಂಬುದು ನೆನಪಿದ್ದರೆ ಸಾಕು" ಎಂದೆ. ಇಬ್ಬರೂ ಸುಮ್ಮನೆ ಕುಳಿತೆವು. ಆ ಹೊತ್ತಿಗೆ ನನಗೂ ಆ ಮಾತು ಬೇಕಾಗಿತ್ತು.

ಬೈಬಲಿನಲ್ಲಿ ಬಾಲಕ ಸಮುವೇಲನ ಕಥೆಯಿದೆ. ರಾತ್ರಿ ದೇವರು ಕರೆದಾಗ ಆ ದನಿ ಕೇಳಿಸಿದ್ದು ಹುಡುಗನಿಗೆ. ಕಣ್ಣು ಮಂಜಾಗಿದ್ದ ಮುದುಕ ಯಾಜಕ ಏಲಿಗೆ ಕೇಳಿಸಲಿಲ್ಲ. ಆದರೆ ಅದು ಯಾರ ದನಿಯೆಂದು ತಿಳಿಸಿ, ಏನೆಂದು ಉತ್ತರಿಸಬೇಕೆಂದು ಹೇಳಿಕೊಟ್ಟವನು ಏಲಿಯೇ. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಆ ರಾತ್ರಿ ದಾಟುತ್ತಿರಲಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಈಗ ತಂದೆತಾಯಿಯರಾಗಿದ್ದೀರಿ. ಮಕ್ಕಳಿಗೆ ಪ್ರಾರ್ಥನೆ ಕಲಿಸಿರಿ. ಅವರು ಪ್ರಶ್ನೆ ಕೇಳಿದರೆ, ನಾನು ತರಗತಿಯಲ್ಲಿ ಎಷ್ಟೋ ಸಲ ಮಾಡಿದಂತೆ ಗದರಿಸಿ ಕೂರಿಸಬೇಡಿ. ಸಂಜೆಯ ಪ್ರಾರ್ಥನೆಯಲ್ಲಿ ಈಗ ನಾನು ಮೊದಲು ಹೇಳುವುದು ನನ್ನ ತಮ್ಮನ ಹೆಸರನ್ನು.