ಮಗ ಬಿಟ್ಟ ಅಂಗಿ ಅಪ್ಪನ ಮೈಮೇಲೆ

ಹಾನಗಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಕೂತವರನ್ನು ಈಗ ಬೆನ್ನ ಕಡೆಯಿಂದ ನೋಡಿದರೆ ಹಿರಿಯರೋ ಹುಡುಗರೋ ತಿಳಿಯುವುದಿಲ್ಲ. ಒಬ್ಬರ ಬೆನ್ನ ಮೇಲೆ ಯಾವುದೋ ಕ್ರಿಕೆಟ್ ಆಟಗಾರನ ನಂಬರು, ಇನ್ನೊಬ್ಬರ ಟೀ ಶರ್ಟಿನ ತುಂಬ ಗೋವಿನಜೋಳದ ಬೀಜ ಮಾರುವ ಕಂಪನಿಯ ಹೆಸರು, ಮತ್ತೊಬ್ಬರ ಕಾಲಿಗೆ ಮಗ ತೊಟ್ಟು ಬಿಟ್ಟ ಟ್ರ್ಯಾಕ್ ಪ್ಯಾಂಟು. ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲಿ ಬಸ್ ಇಳಿದರೂ ಇದೇ ನೋಟ. ಮುಂದೆ ಬಂದು ಮುಖ ನೋಡಿದಾಗಲೇ ಇವರು ನಮ್ಮ ಓಣಿಯ ದೊಡ್ಡಪ್ಪ ಎಂದು ಗುರುತು ಸಿಗುವುದು.

ನಾವು ಸಣ್ಣವರಿದ್ದಾಗ ಹಿರಿಯರು ದೂರದಿಂದಲೇ ಕಾಣುತ್ತಿದ್ದರು. ಕಚ್ಚೆ ಹಾಕಿ ಉಟ್ಟ ಧೋತರ, ಮೊಣಕಾಲಿಗೆ ಬರುವ ನೆಹರೂ ಶರ್ಟು, ಹೆಗಲಿಗೆ ವಲ್ಲಿ, ತಲೆಗೆ ಪಟಗ ಇಲ್ಲವೇ ಬಿಳಿ ಟೊಪಿಗಿ, ಕಾಲಲ್ಲಿ ಕಿರ್ ಕಿರ್ ಎನ್ನುವ ಕೆರವು. ಸಂತೆಗೆ ಹೊರಟರೆ ಬಗಲಲ್ಲಿ ಎಲೆ ಅಡಿಕೆಯ ಚಂಚಿ, ಅದರಲ್ಲಿ ಸವಣೂರಿನ ವೀಳ್ಯದೆಲೆ. ಸವಣೂರಿನ ಪೇಟೆಯಲ್ಲಾದರೆ ಇದೇ ಬಿಳುಪು ಬೇರೆ ಹೊಲಿಗೆಯಲ್ಲಿ ಎದುರಾಗುತ್ತಿತ್ತು: ಮುಸ್ಲಿಂ ಹಿರಿಯರ ಪೈಜಾಮ, ಜುಬ್ಬಾ, ತಲೆಗೆ ಕುಸುರಿ ಹಾಕಿದ ಟೊಪಿಗಿ. ದಾರಿಯಲ್ಲಿ ಗದ್ದಲ ಮಾಡುತ್ತಿದ್ದ ನಾವು ಆ ಬಿಳುಪು ಕಂಡೊಡನೆ ಸುಮ್ಮನಾಗುತ್ತಿದ್ದೆವು. ಯಾರೂ ಬೈಯಬೇಕಾಗಿರಲಿಲ್ಲ.

ಪಟಗ ಸುತ್ತುವಾಗ ಅಜ್ಜನಿಗೆ ನಾವು ಬೇಕಾಗುತ್ತಿದ್ದೆವು. "ತಮ್ಮಾ, ಆ ತುದಿ ಬಿಗಿ ಹಿಡಿ" ಎಂದು ಅಂಗಳದ ಆ ಕೊನೆಗೆ ನಿಲ್ಲಿಸುತ್ತಿದ್ದ. ಹುರಿ ಹಾಕುತ್ತ, ಸುತ್ತುತ್ತ ಆತ ನಮ್ಮ ಕಡೆ ಬರುತ್ತಿದ್ದ. ಬಟ್ಟೆ ತೀರುವ ಹೊತ್ತಿಗೆ ಅಜ್ಜ ಮೊಮ್ಮಗ ಎದುರು ಬದುರು. ಕನ್ನಡಿ ನೋಡುವ ಪದ್ಧತಿಯೇ ಇರಲಿಲ್ಲ. "ಸರಿ ಅದನೇನು?" ಎಂದು ಕೇಳುತ್ತಿದ್ದ, ನಾವು ಹೂಂ ಎಂದರೆ ಮುಗಿಯಿತು. ಆ ಪಟಗ ಬರೀ ತಲೆಗಲ್ಲ. ಬಿಸಿಲಿಗೆ ನೆರಳು, ಕೂರಲು ಹಾಸು, ಕಾಳು ಕಟ್ಟಿಕೊಳ್ಳಲು ಗಂಟು, ಬಾವಿಗೆ ಹಗ್ಗ ಗಿಡ್ಡವಾದರೆ ಅದಕ್ಕೊಂದು ಮೊಳ. ಬೀಗರು ಮನೆಗೆ ಬಂದರೆ ಪಟಗ ಸುತ್ತಿ ಆಯೇರಿ ಮಾಡಿದಾಗಲೇ ಮರ್ಯಾದೆ ಪೂರ್ತಿ.

ಸ್ವಾತಂತ್ರ್ಯದ ಹೋರಾಟ ಖಾದಿಯ ಮೂಲಕ ಈ ಬಿಳುಪಿಗೆ ಇನ್ನೊಂದು ಮೆರುಗು ಕೊಟ್ಟಿತ್ತು. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯೊಂದಿಗೆ ನಡೆದು, 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಮೈಲಾರ ಮಹಾದೇವಪ್ಪ ನಮ್ಮ ಪಕ್ಕದ ಮೋಟೆಬೆನ್ನೂರಿನವರು. 1967ರಲ್ಲಿ ಶಿಗ್ಗಾಂವಿಯಿಂದ ವಿಧಾನಸಭೆಗೆ ಆರಿಸಿ ಹೋದ ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದಾಗಲೂ ಖಾದಿ ಧೋತರ, ಗಾಂಧಿ ಟೊಪಿಗಿಯವರೇ. ಊರಿನ ಮುದುಕರು ಉಟ್ಟದ್ದೂ ಮುಖ್ಯಮಂತ್ರಿ ಉಟ್ಟದ್ದೂ ಒಂದೇ ಬಗೆಯ ಬಟ್ಟೆ. ವಯಸ್ಸಾದವರ ಉಡುಪು ಹಳತಾದ ಉಡುಪು ಎಂದು ಆಗ ಯಾರಿಗೂ ಅನ್ನಿಸುತ್ತಿರಲಿಲ್ಲ.

ಆ ಬಟ್ಟೆ ಹರಿದ ಮೇಲೂ ಮನೆಯಲ್ಲೇ ಉಳಿಯುತ್ತಿತ್ತು. ತೊಳೆದು ತೊಳೆದು ಮೆತ್ತಗಾದ ಅಜ್ಜನ ಧೋತರ ಮೊದಲು ಹೋಗುತ್ತಿದ್ದುದು ಬಾಣಂತಿ ಕೋಣೆಗೆ. "ಹಿರ್ಯಾರ ಅರಿವಿಯೊಳಗ ಕೂಸು ಸುತ್ತಿದ್ರ ಆಯುಷ್ಯ ಗಟ್ಟಿ" ಎನ್ನುತ್ತಿದ್ದಳು ಅವ್ವ. ಉಳಿದದ್ದು ಕೌದಿಯ ಒಳಪದರು, ಸಂಡಿಗೆ ಒಣಹಾಕುವ ಹಾಸು, ಕೊನೆಗೆ ದೇವರ ಮುಂದಿನ ಬತ್ತಿ. ಬಟ್ಟೆ ಅಜ್ಜನಿಂದ ಮೊಮ್ಮಗನ ಕಡೆಗೆ ಇಳಿದು ಬರುತ್ತಿತ್ತು. ಈಗ ಅದರ ದಾರಿ ತಿರುಗಿದೆ. ಬೆಂಗಳೂರಿನಲ್ಲಿರುವ ಮಗ ಬೇಡವೆಂದು ಬಿಟ್ಟದ್ದು ಬ್ಯಾಗು ತುಂಬಿ ಊರಿಗೆ ಬರುತ್ತದೆ, "ಒಗಿಯೂದ್ಯಾಕ, ಅಪ್ಪ ಹಾಕ್ಕೋತಾನ." ಅಪ್ಪನೂ ಹಾಕಿಕೊಳ್ಳುತ್ತಾನೆ. ಒಲ್ಲೆನೆಂದರೆ ಮಗನಿಗೆ ಬೇಸರವಾದೀತು ಎಂಬ ಅಂಜಿಕೆ ಅವನಿಗೆ.

ಹೊಲವೂ ಹೀಗೇ ಬದಲಾಯಿತು. ಸವಣೂರು, ಶಿಗ್ಗಾಂವಿಯ ಕಡೆ ಒಂದು ಕಾಲಕ್ಕೆ ಹತ್ತಿ ಒಡೆದು ಬೆಳ್ಳಗಾಗುತ್ತಿದ್ದ ಎಷ್ಟೋ ಹೊಲಗಳಲ್ಲಿ ಇಂದು ಗೋವಿನಜೋಳ ನಿಂತಿದೆ. ಹತ್ತಿ ಬೆಳೆದ ರೈತ ಹತ್ತಿಯನ್ನೇ ಉಡುತ್ತಿದ್ದ. ಗೋವಿನಜೋಳ ಬೆಳೆಯುವವನು ಅದರ ಬೀಜದ ಜಾಹೀರಾತನ್ನು ಉಟ್ಟಿದ್ದಾನೆ, ಅದೂ ಪುಕ್ಕಟೆ ಸಿಕ್ಕ ಪಾಲಿಯೆಸ್ಟರಿನ ಮೇಲೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೆಣ್ಣುಮಕ್ಕಳು ಖಾದಿಯಲ್ಲಿ ರಾಷ್ಟ್ರಧ್ವಜ ಹೊಲಿಯುತ್ತಾರೆ. 2021ರ ಕೊನೆಗೆ ಧ್ವಜ ಸಂಹಿತೆ ತಿದ್ದುಪಡಿಯಾಗಿ ಆ ಧ್ವಜಕ್ಕೇ ಪಾಲಿಯೆಸ್ಟರ್ ಬಟ್ಟೆ ನಡೆಯುತ್ತದೆ ಎಂದಾಯಿತು. ಹಾಗಿರುವಾಗ ಅಜ್ಜನ ಧೋತರವನ್ನು ಕೇಳುವವರು ಯಾರು?

ಹಾಗಂತ ಹಳೆಯದೆಲ್ಲ ಚಂದವೇ ಇತ್ತು ಎನ್ನಲಾರೆ. ಆ ಬಿಳುಪು ಕಾಯ್ದವರು ನಮ್ಮ ಅವ್ವ, ಅಜ್ಜಿಯರು. ಕೆರೆಯ ದಂಡೆಯಲ್ಲಿ, ವರದಾ ಹೊಳೆಯ ಕಲ್ಲಿನ ಮೇಲೆ ಎರೆಮಣ್ಣಿನ ಕಲೆ ಬಿಡಿಸುತ್ತ ಬಡಿದು ಬಡಿದು ಅವರ ರಟ್ಟೆ ಸೋತಿದ್ದು ಅಜ್ಜನಿಗೆ ಗೊತ್ತಿತ್ತೋ ಇಲ್ಲವೋ. ಎಲ್ಲರಿಗೂ ಆ ಬಿಳುಪು ದಕ್ಕಲೂ ಇಲ್ಲ. ಗೌಡರ ಪಟಗ ಎತ್ತರವಿದ್ದಲ್ಲಿ ಕೂಲಿಯವನ ತಲೆಗೆ ಹರಕು ವಸ್ತ್ರ. ಕೆಲವರು ಕೇರಿ ದಾಟಿ ಬಂದಾಗ ಹೆಗಲ ವಲ್ಲಿಯನ್ನು ಕಂಕುಳಿಗೆ ಇಳಿಸಬೇಕಿತ್ತು. ಇಂದಿನ ಟೀ ಶರ್ಟು ಆ ಅಂತರವನ್ನು ಅಳಿಸಿದೆ. ಮೊಣಕಾಲು ನೋವಿನವರಿಗೆ, ಮಗನ ಬೈಕಿನ ಹಿಂದೆ ಕೂತು ದವಾಖಾನೆಗೆ ಹೋಗುವವರಿಗೆ ಪ್ಯಾಂಟೇ ಸುಖ. ಇದು ಸುಳ್ಳಲ್ಲ.

ಆದರೂ ದೀಪಾವಳಿ ಕಳೆದ ಮೇಲೆ ಹಾನಗಲ್ಲ, ಹಿರೇಕೆರೂರು ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬ ನೋಡುವಾಗ ಮನಸ್ಸು ಚುರ್ ಎನ್ನುತ್ತದೆ. ಹುಡುಗರು ತಮ್ಮ ತಮ್ಮ ಹೋರಿಯ ಹೆಸರು ಅಚ್ಚು ಹಾಕಿಸಿದ ಟೀ ಶರ್ಟು ತೊಟ್ಟು ಕೇಕೆ ಹಾಕುತ್ತಾರೆ, ಹೋರಿಗೂ ಬಲೂನು, ಜೂಲ, ಕೊಬ್ಬರಿ ಹಾರದ ಸಿಂಗಾರ. ಹಬ್ಬಕ್ಕೆ ಹುಡುಗರಿಗೆ ಹೊಸದು, ಹೋರಿಗೆ ಹೊಸದು. ಆ ಹೋರಿಯನ್ನು ವರ್ಷವಿಡೀ ಮೇಯಿಸಿ ಮೈ ತಿಕ್ಕಿದ ಮುದುಕ ಮಾತ್ರ ಕಳೆದ ವರ್ಷದ ಟೀ ಶರ್ಟಿನಲ್ಲಿ ಬದಿಗೆ ನಿಂತಿರುತ್ತಾನೆ.

ಧೋತರ ಹೋದದ್ದಕ್ಕಿಂತ ನನಗೆ ಕಾಡುವುದು ಇದೇ. ವಯಸ್ಸಾದ ಗಂಡಸಿಗೂ ಒಂದು ಇಷ್ಟ, ಒಂದು ಠೀವಿ ಇರುತ್ತದೆ ಎಂಬುದನ್ನು ನಾವು ಮರೆತೆವು. ಅವನಿಗಾಗಿ ಬಟ್ಟೆ ಆರಿಸುವ, ಅವನ ಹೆಗಲ ಅಳತೆಗೆ ಹೊಲಿಸುವ ಕೆಲಸವನ್ನೇ ಕೈಬಿಟ್ಟೆವು. ಉಳಿದದ್ದು ಅವನ ಪಾಲಿಗೆ ಎಂದು ತೀರ್ಮಾನಿಸಿದವರು ನಾವೇ, ಅವನಲ್ಲ.

ಬರುವ ಹಬ್ಬಕ್ಕೆ ಮನೆಮಂದಿಗೆಲ್ಲ ಅರಿವೆ ತರಲು ಹುಬ್ಬಳ್ಳಿಗೋ ಹಾವೇರಿಗೋ ಹೊರಟಾಗ ಅಪ್ಪನನ್ನೂ ಕರೆದುಕೊಂಡು ಹೋಗಿ. ಏನು ಬೇಕೆಂದು ಅವರನ್ನೇ ಕೇಳಿ. ಧೋತರವೆಂದರೆ ಧೋತರ ಕೊಡಿಸಿ, ಪ್ಯಾಂಟೆಂದರೆ ಪ್ಯಾಂಟು ಕೊಡಿಸಿ. ಏನೇ ಕೊಡಿಸಿದರೂ ಹೊಸದನ್ನು ಕೊಡಿಸಿ.